ಗೆಣಸಿನ ಪಿಜ್ಜಾ ಕೂಡ ಕೊರಿಯಾದ ಊಟವೇ

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಈಗ ಕೊರಿಯಾದ ಧಾರಾವಾಹಿ ಓಡುತ್ತಿರುತ್ತದೆ. ಮಕ್ಕಳು ಮೊಬೈಲಿನಲ್ಲಿ ಕೊರಿಯಾದ ತಿಂಡಿಯ ವಿಡಿಯೋ ನೋಡುತ್ತಿರುತ್ತಾರೆ. ಅವುಗಳಲ್ಲಿ ಒಂದು ಬಗೆಯನ್ನು ನೀವೂ ನೋಡಿರಬಹುದು. ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಬಂದ ಯುವಕನೊಬ್ಬ ಸಿಯೋಲ್ ನಗರದ ಮ್ಯೊಂಗ್‌ಡಾಂಗ್ ಬೀದಿಯಲ್ಲಿ ನಿಂತಿರುತ್ತಾನೆ. ಕೈಯಲ್ಲಿ ಕಡ್ಡಿಗೆ ಚುಚ್ಚಿದ ಕರಿದ ತಿಂಡಿ. ಅಂಗಡಿಯವರು ಅದನ್ನು ಎಣ್ಣೆಯಿಂದ ತೆಗೆದವರೇ ಸಕ್ಕರೆ ತಟ್ಟೆಯಲ್ಲಿ ಹೊರಳಿಸಿ ಕೊಟ್ಟಿರುತ್ತಾರೆ. ಒಳಗೆ ಸಾಸೇಜು, ಚೀಸು. ಹೊರಗೆ ಸಕ್ಕರೆ. ಸಕ್ಕರೆಯ ಮೇಲೆ ಕೆಚಪ್ಪು, ಸಾಸಿವೆ ಸಾಸು. ಅವನ ಹುಬ್ಬು ಮೇಲೇರುತ್ತದೆ. ಮಾಂಸಕ್ಕೆ ಸಕ್ಕರೆಯಾ ಅಂತ ಕೇಳುತ್ತಾನೆ. ಹೆದರಿಕೊಂಡೇ ಕಚ್ಚುತ್ತಾನೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮತ್ತೆ ಕಚ್ಚುತ್ತಾನೆ.

ನಾನು ಆಹಾರ ವಿಜ್ಞಾನ ಪಾಠ ಮಾಡುವವಳು. ಹುದುಗು ಹಿಡಿಸಿದ ಆಹಾರಗಳ ಬಗ್ಗೆ ಕಲಿಯಲು ಕೊರಿಯಾದ ಜಿಯೊಂಜು ಊರಿನಲ್ಲಿ ಇದ್ದು ಬಂದವಳು. ಆ ಏರಿದ ಹುಬ್ಬನ್ನು ನಾನು ಎದುರಿಗೇ ಬೇಕಾದಷ್ಟು ನೋಡಿದ್ದೇನೆ. ಇವತ್ತು ನಿಮಗೆ ನಾನು ಹೇಳುವುದು ಒಂದೇ ಮಾತು. ಕೊರಿಯಾದಲ್ಲಿ ಸಿಗುವ ಇಂಥ ತಿಂಡಿ, ಪಿಜ್ಜಾ ಎಲ್ಲ ಕೆಟ್ಟುಹೋದ ಅಮೆರಿಕದ ಅಡುಗೆ ಅಲ್ಲ. ದಾರಿ ತಪ್ಪಿದ ಇಟಲಿಯ ಅಡುಗೆಯೂ ಅಲ್ಲ. ಅದು ಕೊರಿಯಾದ ಅಡುಗೆ. ಕೊರಿಯಾದವರು ಕೊರಿಯಾದವರಿಗಾಗಿ ಮಾಡಿದ್ದು. ಇದೊಂದು ತಲೆಯಲ್ಲಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಆ ಕಡ್ಡಿಯ ತಿಂಡಿಯನ್ನೇ ತೆಗೆದುಕೊಳ್ಳಿ. ಅಮೆರಿಕದ ಜಾತ್ರೆಗಳಲ್ಲಿ ಕಾರ್ನ್ ಡಾಗ್ ಅಂತ ಸಿಗುತ್ತದೆ. ಮೆಕ್ಕೆಜೋಳದ ಹಿಟ್ಟು ಕಲಸಿ, ಸಾಸೇಜು ಅದ್ದಿ, ಕರಿದು ಕೊಡುತ್ತಾರೆ. ಕೊರಿಯಾದಲ್ಲಿ ಹಿಟ್ಟೇ ಬೇರೆ. ಮೈದಾಕ್ಕೆ ಯೀಸ್ಟ್ ಹಾಕಿ ಉಬ್ಬಿಸುತ್ತಾರೆ. ಕೆಲವರು ಅಕ್ಕಿಹಿಟ್ಟು ಸೇರಿಸುತ್ತಾರೆ. ಆ ಹಿಟ್ಟು ಎಷ್ಟು ಅಂಟು ಅಂದರೆ, ಅಂಗಡಿಯ ಹುಡುಗ ಕಡ್ಡಿಯನ್ನು ಅದರೊಳಗೆ ಇಳಿಸಿ, ತಿರುಗಿಸುತ್ತ ತಿರುಗಿಸುತ್ತ ಮೇಲೆತ್ತಬೇಕು. ಹಿಟ್ಟು ರಬ್ಬರಿನ ಹಾಗೆ ಎಳೆಯುತ್ತ ಬಂದು ಸಾಸೇಜಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಸಣ್ಣಗೆ ಹೆಚ್ಚಿದ ಆಲೂಗಡ್ಡೆ ಚೂರುಗಳ ಮೇಲೆ ಹೊರಳಿಸುತ್ತಾನೆ. ಎಣ್ಣೆಗೆ ಬಿಡುತ್ತಾನೆ. ಹೊರಗೆ ಆಲೂಗಡ್ಡೆ ಗರಿಗರಿ, ನಡುವೆ ಮೆತ್ತಗಿನ ಬ್ರೆಡ್ಡು, ಒಳಗೆ ಮೊಝರೆಲ್ಲಾ ಚೀಸಿನ ಉದ್ದನೆಯ ಎಳೆ. ಕೊನೆಗೆ ಸಕ್ಕರೆ. 2016ರಲ್ಲಿ ಬುಸಾನ್ ನಗರದಲ್ಲಿ ಶುರುವಾದ ಮ್ಯೊಂಗ್ರಾಂಗ್ ಅನ್ನುವ ಅಂಗಡಿ ಸರಣಿ ಇದನ್ನು ಅಗ್ಗದ ಬೆಲೆಗೆ ಊರೂರಿಗೆ ತಲುಪಿಸಿತು. ಈಗ ಬೆಂಗಳೂರಿನಲ್ಲೂ ಇಂಥದ್ದು ಮಾಡುವ ಅಂಗಡಿಗಳಿವೆ.

ಸಕ್ಕರೆ ಯಾಕೆ? ವಿದೇಶಿಯರು ಕೇಳುವ ಮೊದಲ ಪ್ರಶ್ನೆಯೇ ಅದು. ಉತ್ತರ ಬಹಳ ಸರಳ. ಕೊರಿಯಾದ ಅಡುಗೆಯಲ್ಲಿ ಮಾಂಸಕ್ಕೆ ಸಿಹಿ ಬೀಳುವುದು ಹೊಸದಲ್ಲ. ಬುಲ್ಗೋಗಿ ಅಂತ ಅವರದ್ದೊಂದು ಹಳೆಯ ಅಡುಗೆ ಇದೆ. ತೆಳ್ಳಗೆ ಕೊಯ್ದ ದನದ ಮಾಂಸವನ್ನು ಸೋಯಾ ಸಾಸು, ಬೆಳ್ಳುಳ್ಳಿ, ಎಳ್ಳೆಣ್ಣೆ, ಸಕ್ಕರೆ, ಜತೆಗೆ ತುರಿದ ಪೇರ್ ಹಣ್ಣಿನಲ್ಲಿ ನೆನೆಸಿಟ್ಟು ಸುಡುತ್ತಾರೆ. ಮಗುವಾಗಿದ್ದಾಗಿನಿಂದ ಅದನ್ನು ತಿಂದು ಬೆಳೆದವರಿಗೆ ಸಾಸೇಜಿಗೆ ಸಕ್ಕರೆ ವಿಚಿತ್ರವಾಗಿ ಕಾಣುವುದಿಲ್ಲ. ಅಮೆರಿಕದವರಿಗೆ ಕಾಣುತ್ತದೆ, ಅಷ್ಟೇ. ಯಾಕೆಂದರೆ ಅವರು ತಮ್ಮೂರಿನ ಕಾರ್ನ್ ಡಾಗನ್ನು ಮನಸ್ಸಿನಲ್ಲಿಟ್ಟುಕೊಂಡು ಕಚ್ಚುತ್ತಾರೆ.

ಪಿಜ್ಜಾದ ಕಥೆಯೂ ಇದೇ. ಪಿಜ್ಜಾ ಹಟ್ ಕೊರಿಯಾಕ್ಕೆ ಬಂದದ್ದು 1985ರಲ್ಲಿ, ಸಿಯೋಲಿನ ಇಟೇವಾನ್ ಬಡಾವಣೆಗೆ. ಅಲ್ಲಿಂದಾಚೆ ಸ್ಥಳೀಯ ಪಿಜ್ಜಾ ಅಂಗಡಿಗಳು ಒಂದರ ಹಿಂದೆ ಒಂದು ಹುಟ್ಟಿಕೊಂಡವು. ಅವು ಪಿಜ್ಜಾದ ಮೇಲೆ ಏನೇನು ಹಾಕಿದವು ಅಂದರೆ ಇಟಲಿಯವರಿಗೆ ಇವತ್ತಿಗೂ ನಂಬಿಕೆ ಬರುವುದಿಲ್ಲ. ಬೇಯಿಸಿದ ಮೆಕ್ಕೆಜೋಳದ ಕಾಳು, ಸೀಗಡಿ, ಬುಲ್ಗೋಗಿ, ಆಲೂಗಡ್ಡೆ, ಮೇಲೆ ಮಯೋನೀಸಿನ ಗೆರೆಗಳು. ಎಲ್ಲಕ್ಕಿಂತ ಜಾಸ್ತಿ ಅವರನ್ನು ಬೆಚ್ಚಿಬೀಳಿಸುವುದು ಸಿಹಿಗೆಣಸು. ಗೆಣಸನ್ನು ಬೇಯಿಸಿ, ಕೆನೆ ಸೇರಿಸಿ, ನುಣ್ಣಗೆ ಮಾಡಿ, ಪಿಜ್ಜಾದ ಅಂಚಿನ ಸುತ್ತ ಹಳದಿ ಉಂಗುರದ ಹಾಗೆ ಹಾಕಿರುತ್ತಾರೆ.

ಜಿಯೊಂಜುವಿನಲ್ಲಿ ನಮ್ಮ ಜತೆ ಇಟಲಿಯ ಹುಡುಗಿಯೊಬ್ಬಳು ಓದುತ್ತಿದ್ದಳು. ಒಂದು ಸಂಜೆ ಎಲ್ಲರೂ ಸೇರಿ ಇಂಥ ಪಿಜ್ಜಾ ತರಿಸಿದೆವು. ಡಬ್ಬಿ ತೆರೆದ ಕೂಡಲೇ ಅವಳು ಫೋರ್ಕ್ ತೆಗೆದುಕೊಂಡು ಗೆಣಸನ್ನೆಲ್ಲ ಕೆರೆದು ಬದಿಗಿಡಲು ಶುರು ಮಾಡಿದಳು. ಪಕ್ಕದಲ್ಲಿದ್ದ ಕೊರಿಯಾದ ಗೆಳತಿ ಪಿಜ್ಜಾದ ಜತೆ ಬಂದಿದ್ದ ಸೌತೆಕಾಯಿ ಉಪ್ಪಿನಕಾಯಿಯ ಪೊಟ್ಟಣ ಬಿಚ್ಚಿ ಅವಳ ಮುಂದೆ ಇಟ್ಟಳು. ಮೊದಲು ಗೆಣಸಿರುವ ತುಂಡು ಕಚ್ಚು, ಆಮೇಲೆ ಇದನ್ನು ಕಚ್ಚು, ಅಂದಳು. ಸಿಹಿ, ಉಪ್ಪು, ಜಿಡ್ಡು, ಮೇಲೆ ಹುಳಿ. ಇಟಲಿಯ ಹುಡುಗಿ ಕೆರೆದಿಟ್ಟ ಗೆಣಸನ್ನೂ ಬಿಡಲಿಲ್ಲ. ಇದು ಪಿಜ್ಜಾ ಅಂತ ಮಾತ್ರ ಅವಳು ಕೊನೆಯವರೆಗೂ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಅದು ಕೊರಿಯಾದ ಅಡುಗೆ.

ಆ ಉಪ್ಪಿನಕಾಯಿಯನ್ನು ಗಮನಿಸಿ. ಕೊರಿಯಾದಲ್ಲಿ ಊಟ ಅಂದರೆ ಜತೆಗೆ ಕಿಮ್ಚಿ, ಅಂದರೆ ಖಾರ ಹಚ್ಚಿ ಹುದುಗು ಹಿಡಿಸಿದ ಎಲೆಕೋಸು, ಇರಲೇಬೇಕು. ಹುಳಿ ಇರಬೇಕು, ಕರುಂಕುರುಂ ಅನ್ನಬೇಕು. ಪಿಜ್ಜಾ ಬಂದಾಗ ಆ ಜಾಗಕ್ಕೆ ಸೌತೆಕಾಯಿ ಬಂತು. ಕರಿದ ಕೋಳಿ ಬಂದಾಗ ಸಕ್ಕರೆ, ವಿನಿಗರ್ ಹಾಕಿದ ಬಿಳಿ ಮೂಲಂಗಿಯ ಚೌಕ ತುಂಡುಗಳು ಬಂದವು. ತಟ್ಟೆಯಲ್ಲಿರುವುದು ಯಾವ ದೇಶದ್ದೇ ಆಗಲಿ, ಊಟದ ಲೆಕ್ಕ ಮಾತ್ರ ಅವರದ್ದೇ.

ಗೆಣಸೂ ಅವರಿಗೆ ಹೊಸದಲ್ಲ. 1763ರಲ್ಲಿ ಜಪಾನಿಗೆ ರಾಯಭಾರಿಯಾಗಿ ಹೋದ ಜೋ ಒಮ್ ಎಂಬಾತ ತ್ಸುಶಿಮಾ ದ್ವೀಪದಿಂದ ಗೆಣಸನ್ನು ಕೊರಿಯಾಕ್ಕೆ ಕಳಿಸಿದ. ಬರಗಾಲದಲ್ಲಿ ಜನರ ಜೀವ ಉಳಿಸಿದ ಬೆಳೆ ಅದು. ಈಗಲೂ ಚಳಿಗಾಲದಲ್ಲಿ ಬೀದಿಬದಿ ಡ್ರಮ್ಮಿನಲ್ಲಿ ಸುಟ್ಟು ಬಿಸಿಬಿಸಿ ಮಾರುತ್ತಾರೆ. ಅಂಥ ಗೆಣಸನ್ನು ಪಿಜ್ಜಾಕ್ಕೆ ಹಾಕಿದರೆ ತಪ್ಪೇನು? ನಾವು ಪಿಜ್ಜಾದ ಮೇಲೆ ಪನೀರ್ ಟಿಕ್ಕಾ ಹಾಕಿಕೊಂಡು ತಿನ್ನುವುದಿಲ್ಲವಾ?

ಈಗ ಪಿಜ್ಜಾದ ಮೇಲಿನ ಚೀಸಿಗೆ ಬರುತ್ತೇನೆ. ಇದನ್ನು ನಾನು ನಿಧಾನವಾಗಿ ಹೇಳಬೇಕು. ಇದು ನನಗೆ ಬಹಳ ಇಷ್ಟವಾದ ಕಥೆ.

ಜಿಯೊಂಜುವಿನಿಂದ ಸ್ವಲ್ಪ ದೂರದಲ್ಲಿ ಇಮ್‌ಸಿಲ್ ಅಂತ ಊರಿದೆ. ಸುತ್ತ ಗುಡ್ಡ, ನಡುವೆ ಹೊಲ. ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ 1931ರಲ್ಲಿ ಹುಟ್ಟಿದ ಡಿಡಿಯೆ ಸೆರ್‌ಸ್ಟೀವನ್ಸ್ ಎಂಬ ಕ್ರೈಸ್ತ ಪಾದ್ರಿ 1959ರಲ್ಲಿ ಕೊರಿಯಾಕ್ಕೆ ಬಂದರು. ಕೊರಿಯಾ ಯುದ್ಧ ಮುಗಿದು ಆರೇ ವರ್ಷವಾಗಿತ್ತು. ಎಲ್ಲಿ ನೋಡಿದರೂ ಬಡತನ. ಅವರು ಕೊರಿಯಾದ ಭಾಷೆ ಕಲಿತರು. ಜಿ ಜಂಗ್‌ಹ್ವಾನ್ ಅಂತ ಕೊರಿಯಾದ ಹೆಸರನ್ನೂ ಇಟ್ಟುಕೊಂಡರು. 1964ರಲ್ಲಿ ಅವರನ್ನು ಇಮ್‌ಸಿಲ್ ಚರ್ಚಿಗೆ ಕಳಿಸಿದರು.

ಅಲ್ಲಿ ರೈತರ ಹತ್ತಿರ ಭೂಮಿ ಕಡಿಮೆ. ಗುಡ್ಡದ ತುಂಬ ಹುಲ್ಲು ಮಾತ್ರ ಬೇಕಾದಷ್ಟು. ಹುಲ್ಲಿದ್ದರೆ ಆಡು ಸಾಕಬಹುದಲ್ಲ ಅಂತ ಪಾದ್ರಿಗಳಿಗೆ ಹೊಳೆಯಿತು. ಎರಡು ಆಡುಗಳಿಂದ ಶುರು ಮಾಡಿದರು. ಆಡುಗಳು ಹೆಚ್ಚಾದವು, ರೈತರಿಗೂ ಹಂಚಿದರು. ಹಾಲು ಬಂತು. ಆದರೆ ಆಡಿನ ಹಾಲನ್ನು ಕೊಳ್ಳುವವರು ಯಾರು? ಊರಿನಲ್ಲಿ ಆ ರೂಢಿಯೇ ಇರಲಿಲ್ಲ. ಹಾಲು ಕೆಡತೊಡಗಿತು. ಹಾಗಾದರೆ ಚೀಸು ಮಾಡೋಣ, ಅದು ಬಾಳಿಕೆ ಬರುತ್ತದೆ, ಅಂತ ನಿರ್ಧರಿಸಿದರು.

ಹೇಳಿದಷ್ಟು ಸುಲಭ ಇರಲಿಲ್ಲ. ಬೆಲ್ಜಿಯಂನವರಾದ ಮಾತ್ರಕ್ಕೆ ಅವರಿಗೆ ಚೀಸು ಮಾಡಲು ಬರುತ್ತಿರಲಿಲ್ಲ. ಬೆಲ್ಜಿಯಂನಲ್ಲಿದ್ದ ತಂದೆತಾಯಿಯಿಂದ ಹಣ ತರಿಸಿಕೊಂಡು 1967ರಲ್ಲಿ ಪುಟ್ಟ ಕಾರ್ಖಾನೆ ಹಾಕಿದರು. ಮಾಡಿದ ಚೀಸು ಕೆಟ್ಟಿತು. ಮತ್ತೆ ಮಾಡಿದರು, ಮತ್ತೆ ಕೆಟ್ಟಿತು. ಕೊನೆಗೆ ಕೆಲಸ ಕಲಿಯಲು ತಾವೇ ಯೂರೋಪಿಗೆ ಹೋದರು. ಫ್ರಾನ್ಸ್, ಇಟಲಿ ಸುತ್ತಿ, ಚೀಸು ಮಾಡುವವರ ಪಕ್ಕದಲ್ಲಿ ನಿಂತು ಕಲಿತರು. ತಿಂಗಳುಗಳ ನಂತರ ವಾಪಸು ಬಂದಾಗ ಇಮ್‌ಸಿಲ್‌ನಲ್ಲಿ ಬಹುತೇಕ ಎಲ್ಲರೂ ಆಸೆ ಬಿಟ್ಟು ಹೋಗಿದ್ದರು. ಒಬ್ಬ ಯುವಕ ಮಾತ್ರ ಕಾದು ಕೂತಿದ್ದ. ಅವನನ್ನೇ ಕಟ್ಟಿಕೊಂಡು ಮತ್ತೆ ಕೆಲಸ ಹಿಡಿದರು.

ಕೊನೆಗೂ ಚೀಸು ಕೈಗೂಡಿತು. ಸಿಯೋಲಿನ ದೊಡ್ಡ ಹೋಟೆಲಿಗೆ ಮಾರಿದರು. 1970ರ ದಶಕದಲ್ಲಿ ಸಿಯೋಲಿನಲ್ಲಿ ಪಿಜ್ಜಾ ಅಂಗಡಿ ಶುರುವಾದಾಗ ಅದಕ್ಕೆ ಬೇಕಾದ ಮೊಝರೆಲ್ಲಾ ಹೋದದ್ದು ಇಮ್‌ಸಿಲ್‌ನಿಂದ. ಆಮೇಲೆ ಆಡುಗಳ ಜಾಗಕ್ಕೆ ಹಸುಗಳು ಬಂದವು. ಪಾದ್ರಿಗಳು ಕಾರ್ಖಾನೆಯನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಳ್ಳಲಿಲ್ಲ. ಊರಿನವರ ಸಹಕಾರ ಸಂಘಕ್ಕೆ ಬಿಟ್ಟುಕೊಟ್ಟರು. 2016ರಲ್ಲಿ ಅವರಿಗೆ ಕೊರಿಯಾದ ಪೌರತ್ವ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ನಾನು ಇಮ್‌ಸಿಲ್‌ಗೆ ಹೋದಾಗ ಅಲ್ಲಿ ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದಿದ್ದರು. ಬಿಸಿನೀರಿನಲ್ಲಿ ಮೆತ್ತಗಾದ ಚೀಸಿನ ಮುದ್ದೆಯನ್ನು ನಾಲ್ಕು ಮಕ್ಕಳು ನಾಲ್ಕು ಕಡೆಯಿಂದ ಹಿಡಿದು ಎಳೆಯುತ್ತಿದ್ದರು. ಅದು ಹಿಗ್ಗಿ ಹಿಗ್ಗಿ ಬಟ್ಟೆಯಷ್ಟು ತೆಳ್ಳಗಾಯಿತು. ಒಬ್ಬ ಹುಡುಗ ಅದರ ಹಿಂದೆ ಮುಖ ಇಟ್ಟು ಗೆಳೆಯರನ್ನು ನೋಡುತ್ತಿದ್ದ. ಆಮೇಲೆ ಎಲ್ಲರೂ ಅಕ್ಕಿಹಿಟ್ಟು ಸೇರಿಸಿದ ಪಿಜ್ಜಾ ಮಾಡಿ ತಿಂದರು. ಆ ಮಕ್ಕಳಿಗೆ ಚೀಸು ವಿದೇಶಿ ವಸ್ತು ಅಲ್ಲವೇ ಅಲ್ಲ. ತಮ್ಮ ಜಿಲ್ಲೆಯ ಹೆಸರುವಾಸಿ ಪದಾರ್ಥ ಅದು.

ಟೊಕ್‌ಬೊಕ್ಕಿ ಅಂತ ಒಂದು ತಿಂಡಿ ಇದೆ. ಅಕ್ಕಿಹಿಟ್ಟಿನ ಕಡ್ಡಿಗಳನ್ನು ಕೆಂಪು ಮೆಣಸಿನ ಸಾಸಿನಲ್ಲಿ ಬೇಯಿಸಿದ್ದು. ಅದರ ಮೇಲೆ ಚೀಸು ಸುರಿದಾಗ, ಇದರಲ್ಲಿ ಚೀಸು ಯಾಕೆ ಅಂತ ಯೂರೋಪಿನವರು ಕೇಳಿದರೆ ನನಗೆ ಸ್ವಲ್ಪ ಬೇಸರವೇ ಆಗುತ್ತದೆ. ಇಮ್‌ಸಿಲ್‌ನಲ್ಲಿ ಐವತ್ತು ವರ್ಷಕ್ಕೂ ಮೀರಿ ಚೀಸು ಮಾಡುತ್ತಿದ್ದಾರೆ. ಇನ್ನೆಷ್ಟು ವರ್ಷ ಆಗಬೇಕು? ಅದು ಕೊರಿಯಾದ ಅಡುಗೆ. ಖಾರವನ್ನು ಚೀಸು ತಣಿಸುತ್ತದೆ, ಅದಕ್ಕೇ ಹಾಕುತ್ತಾರೆ.

ಇಮ್‌ಸಿಲ್ ಸಮಯ ತಿಂದಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಕರಿದ ಕೋಳಿ. ಇದನ್ನು ಮಾತ್ರ ಜಗತ್ತೆಲ್ಲ ಹೊಗಳುತ್ತದೆ. ಅಮೆರಿಕದವರೇ ತಮ್ಮದಕ್ಕಿಂತ ಇದು ಚೆನ್ನಾಗಿದೆ ಅನ್ನುತ್ತಾರೆ. ದೇಗು ನಗರದ ಯೂನ್ ಜಾಂಗ್‌ಗ್ಯೆ ಎಂಬ ಕೋಳಿ ಅಂಗಡಿಯವರು 1980ರ ಸುಮಾರಿಗೆ ಒಂದು ತೊಂದರೆ ಕಂಡರು. ಕರಿದ ಕೋಳಿ ತಣ್ಣಗಾದರೆ ಹೊರಪದರ ಗಟ್ಟಿಯಾಗಿ ತಿನ್ನುವವರ ಬಾಯಿಗೆ ಚುಚ್ಚುತ್ತಿತ್ತು. ಅದಕ್ಕೆ ಕೆಂಪು ಮೆಣಸು, ಬೆಳ್ಳುಳ್ಳಿ, ಸಿಹಿ ಪಾಕ ಸೇರಿಸಿ ಸಾಸು ಮಾಡಿ ಸವರಿದರು. ಯಾಂಗ್‌ನ್ಯೊಮ್ ಚಿಕನ್ ಹುಟ್ಟಿದ್ದು ಹೀಗೆ. ಇದರಲ್ಲೂ ಮಾಂಸಕ್ಕೆ ಸಿಹಿ ಇದೆ, ನೋಡಿ. ಇದನ್ನು ಹೊಗಳಿ, ಸಕ್ಕರೆ ಹಚ್ಚಿದ ಕಾರ್ನ್ ಡಾಗಿಗೆ ಹುಬ್ಬೇರಿಸುವುದು ನ್ಯಾಯವೇ? ಎರಡೂ ಒಂದೇ ಅಡುಗೆಮನೆಯಿಂದ ಬಂದವು.

ಇನ್ನು ಬುಡೆ ಜಿಗೆ ಅನ್ನುವ ಸಾರು. ಇದರ ಬಗ್ಗೆ ಮಾತಾಡುವಾಗ ದಯವಿಟ್ಟು ಸ್ವಲ್ಪ ಗೌರವ ಇರಲಿ. ಕಿಮ್ಚಿಯ ಖಾರದ ಸಾರಿನಲ್ಲಿ ಡಬ್ಬಿಯ ಸ್ಪ್ಯಾಮ್ ಮಾಂಸ, ಸಾಸೇಜು, ಟೊಮೆಟೊ ಸಾಸಿನ ಬೀನ್ಸ್ ಕಾಳು, ಅಮೆರಿಕದ ಚೀಸಿನ ಹಾಳೆ, ನೂಡಲ್ಸು ಎಲ್ಲ ಒಟ್ಟಿಗೆ ಕುದಿಯುತ್ತಿರುತ್ತವೆ. ಅಮೆರಿಕದವರು ನೋಡಿ ಗಾಬರಿಯಾಗುತ್ತಾರೆ. ಯಾಕೆಂದರೆ ಅಲ್ಲಿರುವುದೆಲ್ಲ ಅವರ ಮನೆಯ ಕಪಾಟಿನ ಡಬ್ಬಿಗಳು. ಯುದ್ಧದ ನಂತರ ಸಿಯೋಲಿನ ಉತ್ತರಕ್ಕಿರುವ ಉಯಿಜಂಗ್‌ಬು ಊರಿನಲ್ಲಿ ಅಮೆರಿಕದ ಸೇನಾ ನೆಲೆಗಳಿದ್ದವು. ಜನರಿಗೆ ಮಾಂಸ ಸಿಗುವುದೇ ಅಪರೂಪ. ನೆಲೆಗಳಿಂದ ಹೇಗೋ ಹೊರಬಂದ ಡಬ್ಬಿ ಮಾಂಸವನ್ನು ಹಿಯೊ ಗಿಸುಕ್ ಎಂಬ ಹೆಂಗಸು ತನ್ನ ಸಣ್ಣ ಹೋಟೆಲಿನಲ್ಲಿ ಮೊದಲು ಹುರಿದು ಕೊಡುತ್ತಿದ್ದರು. ಆಮೇಲೆ ಗಿರಾಕಿಗಳು ಅನ್ನದ ಜತೆ ಉಣ್ಣಲಿ ಅಂತ ಕಿಮ್ಚಿ ಹಾಕಿ ಸಾರು ಮಾಡಿದರು. 1960ರಲ್ಲಿ ಅವರು ತೆರೆದ ಆ ಹೋಟೆಲು ಈಗಲೂ ನಡೆಯುತ್ತಿದೆ. ಸುತ್ತಲಿನ ಬೀದಿಗೇ ಬುಡೆ ಜಿಗೆ ಬೀದಿ ಅಂತ ಹೆಸರಾಗಿದೆ. ಸ್ಪ್ಯಾಮ್ ಕೊರಿಯಾದಲ್ಲೇ ತಯಾರಾಗತೊಡಗಿದ್ದು 1987ರಿಂದ. ಈಗ ಅಲ್ಲಿ ಚುಸೊಕ್ ಹಬ್ಬಕ್ಕೆ ಸ್ಪ್ಯಾಮ್ ಡಬ್ಬಿಗಳನ್ನು ಚೆಂದದ ಪೆಟ್ಟಿಗೆಯಲ್ಲಿಟ್ಟು ಉಡುಗೊರೆ ಕೊಡುತ್ತಾರೆ. ಅಮೆರಿಕದವರಿಗೆ ಅದು ಅಗ್ಗದ ಮಾಂಸ. ಕೊರಿಯಾದ ಹಿರಿಯರಿಗೆ ಕಷ್ಟಕಾಲದಲ್ಲಿ ಕೈಗೆ ಸಿಕ್ಕಿದ ಒಳ್ಳೆಯ ಊಟ.

ಬ್ರೆಡ್ಡಿನ ವಿಷಯಕ್ಕೂ ಹಿನ್ನೆಲೆ ಇದೇ ಕಾಲದ್ದು. ಯುದ್ಧದ ನಂತರ ಅಮೆರಿಕದ ನೆರವಿನ ಗೋಧಿಹಿಟ್ಟು ಬಂತು. ಅಕ್ಕಿ ಸಾಲದೆ ಸರಕಾರವೇ ಗೋಧಿ ತಿನ್ನಿ ಅಂತ ಚಳವಳಿ ನಡೆಸಿತು. ಶಾಲೆಗಳಲ್ಲಿ ಮಕ್ಕಳ ಊಟದ ಡಬ್ಬಿ ತೆರೆಸಿ ಅನ್ನಕ್ಕೆ ಬಾರ್ಲಿ ಬೆರೆಸಿದ್ದಾರಾ ಅಂತ ನೋಡುತ್ತಿದ್ದರು. ದೇಜನ್ ನಗರದಲ್ಲಿ ಸುಂಗ್‌ಶಿಮ್‌ದಾಂಗ್ ಅನ್ನುವ ಬಹಳ ಹೆಸರಾದ ಬೇಕರಿ ಇದೆ. ಉತ್ತರ ಕೊರಿಯಾದಿಂದ ನಿರಾಶ್ರಿತರಾಗಿ ಬಂದ ಕುಟುಂಬವೊಂದು 1956ರಲ್ಲಿ, ಚರ್ಚಿನಿಂದ ಸಿಕ್ಕಿದ 2 ಚೀಲ ಗೋಧಿಹಿಟ್ಟಿನಿಂದ, ರೈಲು ನಿಲ್ದಾಣದ ಮುಂದೆ ಶುರು ಮಾಡಿದ್ದು. ಅವರ ಬನ್ನಿನೊಳಗೆ ಕೆಂಪು ಬೀನ್ಸ್ ಕಾಳಿನ ಸಿಹಿ ಹೂರಣ, ಮೇಲೆ ಪುಡಿಪುಡಿ ಹೊದಿಕೆ, ಅದನ್ನು ಎಣ್ಣೆಯಲ್ಲಿ ಕರಿಯುತ್ತಾರೆ. ಕೊರಿಯಾದಲ್ಲಿ ಬ್ರೆಡ್ಡು ಸಿಹಿತಿಂಡಿಯಾಗಿಯೇ ಬೆಳೆಯಿತು. ಅದಕ್ಕೇ ಅಲ್ಲಿಯ ಬೆಳ್ಳುಳ್ಳಿ ಬ್ರೆಡ್ಡೂ ಸಿಹಿ. ಒಳಗೆ ಸಕ್ಕರೆ ಬೆರೆಸಿದ ಕ್ರೀಮ್ ಚೀಸು ತುಂಬಿರುತ್ತಾರೆ. ಫ್ರಾನ್ಸಿನವರು ಕಣ್ಣರಳಿಸುತ್ತಾರೆ. ಮತ್ತೆ ಹೇಳುತ್ತೇನೆ, ಅದು ಕೊರಿಯಾದ ಅಡುಗೆ.

ನೂಡಲ್ಸಿನ ಬಗ್ಗೆ ಎರಡೇ ಮಾತು. ಇಟಲಿಯ ಕಾರ್ಬೊನಾರಾ ಪಾಸ್ತಾಕ್ಕೆ ಮೊಟ್ಟೆ, ಚೀಸು, ಹಂದಿ ಕೆನ್ನೆಯ ಮಾಂಸ ಬೇಕು, ಕೆನೆ ಹಾಕುವುದಿಲ್ಲ. ಕೊರಿಯಾದಲ್ಲಿ ಧಾರಾಳವಾಗಿ ಕೆನೆ ಸುರಿಯುತ್ತಾರೆ. ಸಮ್ಯಾಂಗ್ ಕಂಪನಿ ತನ್ನ ಬುಲ್ಡಾಕ್ ಬೆಂಕಿಖಾರದ ನೂಡಲ್ಸಿಗೂ ಕಾರ್ಬೊನಾರಾ ರುಚಿ ಸೇರಿಸಿತು. ಆ ಗುಲಾಬಿ ಬಣ್ಣದ ಪ್ಯಾಕೆಟ್ ನಮ್ಮ ಅಂಗಡಿಗಳಲ್ಲೂ ಇದೆ, ನಿಮ್ಮ ಮಕ್ಕಳು ತಂದಿರುತ್ತಾರೆ. 2024ರ ಜೂನ್‌ನಲ್ಲಿ ಡೆನ್ಮಾರ್ಕ್ ಸರಕಾರ ಬುಲ್ಡಾಕ್‌ನ 3 ಬಗೆಗಳನ್ನು ಖಾರ ಜಾಸ್ತಿ ಅಂತ ಅಂಗಡಿಗಳಿಂದ ತೆಗೆಸಿತು. ಮುಂದಿನ ತಿಂಗಳೇ ಅವುಗಳಲ್ಲಿ 2 ಬಗೆಗಳನ್ನು ಮತ್ತೆ ಮಾರಲು ಬಿಟ್ಟಿತು. ಸಣ್ಣ ಮಕ್ಕಳಿಗೆ ಮಾತ್ರ ಅದನ್ನು ಕೊಡಬೇಡಿ. ದೊಡ್ಡವರು ತಿನ್ನುವಾಗ ಪಕ್ಕದಲ್ಲಿ ನೀರಲ್ಲ, ಹಾಲೋ ಮೊಸರೋ ಇಟ್ಟುಕೊಳ್ಳಿ. ಮೆಣಸಿನ ಖಾರ ನೀರಿಗೆ ಹೋಗುವುದಿಲ್ಲ.

ಕೊನೆಯದಾಗಿ ಮನೆಯಲ್ಲೇ ಮಾಡುವ ಒಂದು ತಿಂಡಿ ಹೇಳುತ್ತೇನೆ. ಕಾರ್ನ್ ಚೀಸ್. ಕೊರಿಯಾದ ಹೋಟೆಲುಗಳಲ್ಲಿ ಮಾಂಸ ಸುಡುವ ಮೇಜಿನ ಮೇಲೆ ಇದೂ ಇರುತ್ತದೆ. ಇದರಲ್ಲಿ ಮಾಂಸ ಇಲ್ಲ, ಹಾಗಾಗಿ ಎಲ್ಲರ ಮನೆಯಲ್ಲೂ ಆಗುತ್ತದೆ. ಬರೆದುಕೊಳ್ಳುವವರು ಬರೆದುಕೊಳ್ಳಿ. ಬೇಯಿಸಿದ ಸ್ವೀಟ್ ಕಾರ್ನ್ 1 ಬಟ್ಟಲು. ನೀರು ಪೂರ್ತಿ ಬಸಿದಿರಬೇಕು, ಇಲ್ಲದಿದ್ದರೆ ಎಲ್ಲ ನೀರುನೀರಾಗುತ್ತದೆ. ಮಯೋನೀಸ್ 2 ಚಮಚ, ಮೊಟ್ಟೆ ಹಾಕದ್ದೂ ಆಗಬಹುದು. ಸಕ್ಕರೆ 1 ಟೀ ಚಮಚ. ಸಣ್ಣಗೆ ಹೆಚ್ಚಿದ ಈರುಳ್ಳಿ, ದೊಣ್ಣೆಮೆಣಸಿನಕಾಯಿ ಸ್ವಲ್ಪ, ಕಾಳುಮೆಣಸಿನ ಪುಡಿ ಚಿಟಿಕೆ. ದಪ್ಪ ತಳದ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ, ಇವೆಲ್ಲವನ್ನೂ 2 ನಿಮಿಷ ಬಾಡಿಸಿ. ಮೇಲೆ ತುರಿದ ಮೊಝರೆಲ್ಲಾ ಅರ್ಧ ಬಟ್ಟಲು ಹರಡಿ, ಉರಿ ಸಣ್ಣದು ಮಾಡಿ ಮುಚ್ಚಿಡಿ. ಚೀಸು ಕರಗಿ ತಳ ತುಸು ಕೆಂಪಾದಾಗ ಇಳಿಸಿ.

ಸಕ್ಕರೆ ಬೇಡ ಅಂತ ಬಿಡಬೇಡಿ. 1 ಟೀ ಚಮಚ ಹಾಕಿಯೇ ಮಾಡಿ. ಬಾಣಲೆಯನ್ನೇ ಮೇಜಿನ ಮೇಲಿಟ್ಟು ಬಿಸಿ ಇರುವಾಗಲೇ ಎಲ್ಲರೂ ಚಮಚದಲ್ಲಿ ತೆಗೆದುಕೊಂಡು ತಿನ್ನಿ. ಜತೆಗೆ ಹುಳಿಯಾದದ್ದು ಏನಾದರೂ ಇರಲಿ, ವಿನಿಗರ್ ಹಾಕಿದ ಮೂಲಂಗಿಯಾದರೂ ಸರಿ.

ನಮಸ್ಕಾರ.